ಭಾವನವರೂ ಬೇಟೆನಾಯಿಯೂ

ಜಗತ್ತಿನಲ್ಲಿ ಮೊಟ್ಟೆ ಹಾಕಿದ ಕೇಕನ್ನೂ ಮುಟ್ಟದ ಬೇಟೆಗಾರರು ಯಾರಾದರೂ ಇದ್ದರೆ ಅವರು ನಮ್ಮ ಭಾವನವರೇ! ನಗಬೇಡಿ. ಅವರ ಹತ್ತಿರ ಕಿತ್ತಳೆ ಬಣ್ಣದ ಟೋಪಿ ಇದೆ, ಕೊರಳಿಗೆ ಸೀಟಿ ಇದೆ, ಹತ್ತು ಜೇಬಿನ ಜಾಕೆಟ್ಟಿದೆ, ಎಲ್ಲಕ್ಕೂ ಮಿಗಿಲಾಗಿ ಒಂದು ಅಪ್ಪಟ ಬೇಟೆನಾಯಿ ಇದೆ. ಆ ಹತ್ತು ಜೇಬುಗಳಲ್ಲಿ ಏನಿರುತ್ತದೆ ಎಂದು ಮಾತ್ರ ಕೇಳಬೇಡಿ. ಒಮ್ಮೆ ನಾನೇ ಕೈಹಾಕಿ ನೋಡಿದಾಗ ಶೇಂಗಾ ಚಟ್ನಿ ಸವರಿ ಸುರುಳಿ ಸುತ್ತಿದ ಚಪಾತಿ ಸಿಕ್ಕಿತು.

ಭಾವ ಅಂದರೆ ನನ್ನ ಗಂಡನ ಅಣ್ಣ, ಹುಬ್ಬಳ್ಳಿಯವರು. ಮಾರ್ಗನ್ ಹಿಲ್‌ನಲ್ಲಿ ಮನೆ, ರೆಡ್‌ವುಡ್ ಸಿಟಿಯಲ್ಲಿ ಆಫೀಸು. ಅಷ್ಟು ದೂರ ಫ್ರೀವೇಯಲ್ಲಿ ಹೋಗಿ ಬರುವವರಿಗೆ ತಲೆ ಕೆಡುವುದು ಸಹಜ ಎಂದು ಮಂಡ್ಯ ಕಡೆಯವಳಾದ ನಾನು ಮದುವೆಯಾದ ಹೊಸದರಲ್ಲಿ ಅಂದುಕೊಂಡಿದ್ದೆ. ಅವರ ಕಾಯಿಲೆ ಕುತೂಹಲ ಎಂದು ಆಮೇಲೆ ತಿಳಿಯಿತು. ಒಮ್ಮೆ ನಲ್ಲಿ ಸೋರುತ್ತದೆ ಎಂದು ಪ್ಲಂಬರನ್ನು ಕರೆಸಿದರು. ಈ ನೀರು ಇಲ್ಲಿಂದ ಎಲ್ಲಿಗೆ ಹೋಗುತ್ತದೆ ಎಂದು ಕೇಳಿದರು. ಆತ ಹೇಳಿದ. ಅಲ್ಲಿಂದ ಎಲ್ಲಿಗೆ ಎಂದರು. ಎರಡು ಗಂಟೆ ಕಳೆದ ಮೇಲೆ ಆ ಮನುಷ್ಯ ಭಾವನವರ ಹೆಂಡತಿ ಮಾಡಿಕೊಟ್ಟ ಉಪ್ಪಿಟ್ಟು ತಿನ್ನುತ್ತ, ಊರಿನ ಚರಂಡಿಯ ನಕ್ಷೆ ಬರೆಯುತ್ತ ಕೂತಿದ್ದ. ನಲ್ಲಿ ಇವತ್ತಿಗೂ ಸೋರುತ್ತಿದೆ.

ಇಂಥವರು ಒಂದು ಭಾನುವಾರ ಊರಾಚೆಯ ಗುಡ್ಡಕ್ಕೆ ವಾಕಿಂಗು ಹೋದವರು ಯಾರದೋ ನಾಯಿಯೊಂದನ್ನು ಕಂಡರು. ಕಂದು ಚುಕ್ಕೆಯ ಪಾಯಿಂಟರ್. ಓಡುತ್ತಿದ್ದದ್ದು ಒಂದು ಪೊದೆಯ ಮುಂದೆ ಗಕ್ಕನೆ ನಿಂತಿತಂತೆ, ಒಂದು ಮುಂಗಾಲು ಎತ್ತಿ, ಮೂಗನ್ನು ಪೊದೆಯತ್ತ ನೆಟ್ಟು. ಪೊದೆಯೊಳಗೆ ಲಾವಕ್ಕಿ. ಹಕ್ಕಿ ಇಲ್ಲಿದೆ ಎಂದು ಯಜಮಾನನಿಗೆ ತೋರಿಸುತ್ತ ನಿಲ್ಲುವುದಷ್ಟೇ ಆ ನಾಯಿಯ ಕಸುಬು. ಭಾವನವರು ಗಡಿಯಾರ ನೋಡಿಕೊಂಡರು. ಮೂರು ನಿಮಿಷ! ಮನೆಗೆ ಬಂದವರೇ, "ನಮ್ಮ ಮನ್ಯಾಗ ಯಾರರ ಒಂದನ್ನ ಮೂರು ನಿಮಿಷ ನೆಟ್ಟಗ ನೋಡ್ತೀರೇನು?" ಎಂದು ಕೇಳಿದರು. ಅಕ್ಕ, ಅಂದರೆ ನನ್ನ ಓರಗಿತ್ತಿ, ಫೋನಿನಿಂದ ತಲೆ ಎತ್ತಲಿಲ್ಲ. ಹೈಸ್ಕೂಲಿನ ಮಗಳಿಗೆ ಅಪ್ಪ ಬಂದದ್ದೇ ಗೊತ್ತಿರಲಿಲ್ಲ.

ಮುಂದಿನ ವಾರವೇ ಮರಿ ನೋಡಲು ಹೊರಟರು. ನಾನೂ ಜೊತೆಗಿದ್ದೆ. ಮರಿ ಮಾರುವ ಹೆಂಗಸಿನ ಅಂಗಳದಲ್ಲಿ ಆರು ಮರಿ. ನಾವು ನೋಡುತ್ತಿರುವಾಗಲೇ ಆಕೆಯ ಕೈಯಿಂದ ಸ್ಟೀಲಿನ ಬೋಗುಣಿ ಜಾರಿ ಕಲ್ಲಿನ ಮೇಲೆ ಬಿತ್ತು. ಐದು ಮರಿ ಬೋಗುಣಿಯತ್ತ ಓಡಿದವು. ಆರನೆಯದು ಟ್ರಕ್ಕಿನ ಕೆಳಗೆ ಸೇರಿಕೊಂಡಿತು. ಅದು ಸದ್ದಿಗೆ ಹೆದರುವ ಮರಿ, ಪರೀಕ್ಷೆಗೆಲ್ಲ ಆಗಿಬರುವುದಿಲ್ಲ, ಬೇರೆ ನೋಡಿ ಎಂದು ಆಕೆ ಪ್ರಾಮಾಣಿಕವಾಗಿಯೇ ಹೇಳಿದಳು. ಭಾವನವರು ಟ್ರಕ್ಕಿನ ಕೆಳಗೆ ಬಗ್ಗಿ ಬಹಳ ಹೊತ್ತು ನೋಡಿದರು. ಎದ್ದು, "ನನಗ ಇದೇ ಬೇಕು," ಎಂದರು. ಅಂಥ ಪುಕ್ಕಲು ಮರಿಗೆ ಕುಸ್ತಿ ಪೈಲ್ವಾನನ ಹಾಗೆ ಮಲ್ಲ ಎಂದು ಹೆಸರಿಟ್ಟರು.

ಪರೀಕ್ಷೆ ಅಂದಳಲ್ಲ ಆಕೆ? ನಮ್ಮ ಭಾವನವರ ಕಿವಿಗೆ ಅಂಥ ಮಾತು ಬಿದ್ದ ಮೇಲೆ ಬಿಟ್ಟಾರೆಯೇ? ಎಳೆಯ ಪಾಯಿಂಟರುಗಳು ಬರೆಯುವ ಮೊದಲ ಪರೀಕ್ಷೆಗೆ ಅರ್ಜಿ ಹಾಕಿಯೇ ಬಿಟ್ಟರು. ನಿಯಮಗಳನ್ನು ಓದಿದ್ದು ಆಮೇಲೆ. ಓದಿದ್ದು ಕೂಡ ಮಗಳು. "ಡ್ಯಾಡ್, ಯು ನೋ ದೇರ್ ಈಸ್ ಎ ಗನ್, ರೈಟ್?" ಎಂದಳು ಅವಳು. ನಾಯಿ ಹಕ್ಕಿ ತೋರಿಸಬೇಕು, ಯಜಮಾನರು ಹೋಗಿ ಪೊದೆ ಒದ್ದು ಹಕ್ಕಿಯನ್ನು ಹಾರಿಸಬೇಕು, ಅದು ಹಾರಿದ ಕೂಡಲೇ ಆಕಾಶಕ್ಕೆ ಹುಸಿ ಗುಂಡು ಹೊಡೆಯಬೇಕು. ಹಕ್ಕಿಗೇನೂ ಆಗುವುದಿಲ್ಲ. ಆದರೆ ಆ ಸದ್ದಿಗೆ ನಾಯಿ ಹೆದರಿದರೆ ಫೇಲು.

ಭಾವನವರ ಮುಖ ಸುಣ್ಣ ಬಳಿದಂತಾಯಿತು. ನಾಯಿಯ ಯೋಚನೆ ಎಂದುಕೊಂಡಿರಾ? ಢಂ ಎನ್ನುವ ಸದ್ದು ಕೇಳಿದರೆ ನಮ್ಮ ಭಾವನವರಿಗೇ ಕೈಕಾಲು ಆಡುವುದಿಲ್ಲ! ಇದನ್ನು ಅವರು ಯಾರಿಗೂ ಹೇಳಿಲ್ಲ, ನಾವ್ಯಾರೂ ಕೇಳಿಲ್ಲ. ಮಗಳ ಹುಟ್ಟುಹಬ್ಬಕ್ಕೆ ಬಲೂನು ಬೇಡ, ಆಮೆಗಳು ನುಂಗಿ ಸಾಯುತ್ತವೆ ಎಂದರು. ದೀಪಾವಳಿಯ ಪಟಾಕಿ ಬೇಡ, ಹೊಗೆಯಿಂದ ಶ್ವಾಸಕೋಶ ಕೆಡುತ್ತದೆ ಎಂದರು. ಜುಲೈ ನಾಲ್ಕರ ಸಂಜೆ ಊರೆಲ್ಲ ಪಟಾಕಿ ನೋಡಲು ಹೊರಟರೆ ಇವರು ಗರಾಜಿನಲ್ಲಿ ಕಾರಿನ ಕಿಟಕಿ ಏರಿಸಿಕೊಂಡು, ರೇಡಿಯೋ ಜೋರು ಮಾಡಿಕೊಂಡು ಕೂರುತ್ತಾರೆ. ಬ್ಯಾಟರಿ ಚೆಕ್ ಮಾಡುತ್ತಿದ್ದಾರಂತೆ. ಪ್ರತಿ ವರ್ಷ ಅದೇ ದಿನ ಕೆಡುವ ಬ್ಯಾಟರಿ!

ಅರ್ಜಿ ವಾಪಸು ತೆಗೆದುಕೊಳ್ಳುತ್ತಾರೆ ಎಂದುಕೊಂಡೆವು. ತೆಗೆದುಕೊಳ್ಳಲಿಲ್ಲ. ತರಬೇತಿ ಶುರುವಾಯಿತು. ಗಾಳದ ಕೋಲಿಗೆ ಲಾವಕ್ಕಿಯ ರೆಕ್ಕೆ ಕಟ್ಟಿ ಮರಿಯ ಮುಂದೆ ಆಡಿಸಬೇಕು. ರೆಕ್ಕೆ ಕೊಟ್ಟ, ಮರಿ ಮಾರಿದ ಆ ಹೆಂಗಸನ್ನೇ ಈ ಹಕ್ಕಿ ಹೇಗೆ ಸತ್ತಿತು ಎಂದು ಭಾವನವರು ಕೇಳಿದರು. ಆಕೆ ಅವರ ಮುಖವನ್ನು ಒಂದು ಕ್ಷಣ ನೋಡಿ, ವಯಸ್ಸಾಗಿತ್ತು ಎಂದಳು. ಒಳ್ಳೆಯ ಹೆಂಗಸು. ಆದರೂ ದಿನಾ ರೆಕ್ಕೆ ಆಡಿಸಿದ ಮೇಲೆ ಇವರು ಸ್ನಾನ ಮಾಡಿಯೇ ಒಳಗೆ ಬರುತ್ತಿದ್ದರು.

ಮಲ್ಲ ಕಲಿತದ್ದು ಎಷ್ಟು ಬೇಗ ಅನ್ನುತ್ತೀರಿ! ಗಣೇಶನ ಹಬ್ಬಕ್ಕೆ ಬಂದ ಹಾಸನದ ಹೆಂಗಸೊಬ್ಬರ ರೇಷ್ಮೆ ಸೀರೆಯ ಸೆರಗಿನಲ್ಲಿ ಜರಿ ನವಿಲುಗಳಿದ್ದವು. ಆರತಿಯ ಹೊತ್ತಿಗೆ ಮಲ್ಲ ಅವರ ಹಿಂದೆ ಒಂದು ಕಾಲೆತ್ತಿ ಕಲ್ಲಾಗಿ ನಿಂತುಬಿಟ್ಟಿತು. ಯಾರೂ ಅಲುಗಾಡಬಾರದು ಎಂದು ಭಾವನವರು ಪಿಸುಮಾತಿನಲ್ಲಿ ಅಪ್ಪಣೆ ಮಾಡಿದರು. ನಲವತ್ತು ಜನ, ಉರಿಯುವ ಕರ್ಪೂರ, ಎಲ್ಲವೂ ನಿಂತವು. ನಾಯಿಗೂ ಎಂಥ ಭಕ್ತಿ ನೋಡಿ ಎಂದು ಆ ಹೆಂಗಸು ಕಣ್ಣೊರೆಸಿಕೊಂಡರು. ನಾವು ಅವರಿಗೆ ನಿಜ ಹೇಳಲು ಹೋಗಲಿಲ್ಲ.

ಉಳಿದದ್ದು ಸದ್ದಿನ ಪಾಠ. ಮಲ್ಲ ಊಟ ಮಾಡುವಾಗ ದೂರದ ಬೇಲಿಯ ಹತ್ತಿರ ಯಾರಾದರೂ ಒಮ್ಮೆ ತಟ್ಟೆ ಬಡಿಯಬೇಕು. ವಾರದಿಂದ ವಾರಕ್ಕೆ ಹತ್ತಿರ ಬರಬೇಕು. ಶನಿವಾರ ಭಾನುವಾರ ಪ್ಲೆಸೆಂಟನ್ನಿನ ನಮ್ಮ ಮನೆಯಿಂದ ಹೋಗಿ ತಟ್ಟೆ ಬಡಿಯುವ ಕೆಲಸ ನನ್ನದು. ಭಾವನವರು ಪಕ್ಕದಲ್ಲಿ ಕೂತು ಮಲ್ಲನ ಬೆನ್ನು ಸವರುತ್ತಿದ್ದರು. ಮೊದಲ ದಿನ ಇಬ್ಬರೂ ಬೆಚ್ಚಿದರು. ಎರಡನೆಯ ವಾರ ಮಲ್ಲ ತಲೆ ಮಾತ್ರ ಎತ್ತಿತು. ತಿಂಗಳು ಕಳೆಯುವುದರೊಳಗೆ ತಟ್ಟೆ ಹೋಗಿ ಹುಸಿ ಗುಂಡಿನ ಪಿಸ್ತೂಲು ಬಂತು, ನಾನು ಹೊಡೆದರೂ ಮಲ್ಲ ಊಟದಿಂದ ಬಾಯಿ ತೆಗೆಯಲಿಲ್ಲ. ಭಾವನವರು ಮಾತ್ರ ಕಿವಿಗೆ ಹತ್ತಿ ತುರುಕಿಕೊಂಡಿದ್ದರೂ ಕಣ್ಣು ಬಿಗಿಯಾಗಿ ಮುಚ್ಚಿ, ಹೆಗಲು ಕುಗ್ಗಿಸಿಕೊಂಡೇ ಇದ್ದರು. ಅಡುಗೆಮನೆಯ ಕಿಟಕಿಯಿಂದ ನೋಡುತ್ತಿದ್ದ ಅಕ್ಕ ನನ್ನನ್ನು ಕೇಳಿದರು: "ನಾಯಿ ಪಾಸಾತು. ಇನ್ನ ಇವರನ್ನ ಯಾವಾಗ ಪರೀಕ್ಷಾಕ್ಕ ಕೂಡಸೋದು?"

ಪರೀಕ್ಷೆಯ ದಿನ ಹತ್ತಿರ ಬಂದರೂ ಭಾವನವರು ಒಮ್ಮೆಯೂ ಪಿಸ್ತೂಲಿನ ಕುದುರೆ ಒತ್ತಿ ನೋಡಿರಲಿಲ್ಲ. ಬೇಕಾದರೆ ನಾನೇ ಮಲ್ಲನನ್ನು ಕರೆದುಕೊಂಡು ಹೋಗುತ್ತೇನೆ ಎಂದು ಮೆಲ್ಲಗೆ ಹೇಳಿ ನೋಡಿದೆ. ಅವರು ಮಲ್ಲನ ಕೊರಳಪಟ್ಟಿ ಸರಿಮಾಡುತ್ತ, "ಹೆದರಬ್ಯಾಡ ಅಂತ ಅಂವಗ ದಿನಾ ಹೇಳಾಂವ ನಾನಽ ಅಲ್ಲೇನ ತಂಗಿ," ಎಂದರು.

ಪರೀಕ್ಷೆ ನಡೆದದ್ದು ಒಣಹುಲ್ಲಿನ ಗುಡ್ಡದ ಮೇಲೆ. ತೀರ್ಪುಗಾರರು ಕುದುರೆಯ ಮೇಲೆ. ಇಪ್ಪತ್ತು ಮೂವತ್ತು ಜನ ನಾಯಿಯವರು, ಎಲ್ಲರೂ ಅಪ್ಪ ಅಜ್ಜನ ಕಾಲದಿಂದ ಬೇಟೆ ಬಲ್ಲವರ ಹಾಗೆ ಕಂಡರು. ಅವರ ನಡುವೆ ನಮ್ಮ ಭಾವನವರು, ಹೊಸ ಟೋಪಿಯ ಬೆಲೆಯ ಚೀಟಿ ಇನ್ನೂ ಕೀಳದೆ. ಅಕ್ಕನೂ ನಾನೂ ದೂರದಲ್ಲಿ ನಿಂತೆವು. ಮಲ್ಲ ಗುಡ್ಡದ ತುಂಬ ಓಡಿತು, ಮೂಗು ಎತ್ತಿತು, ತಟ್ಟನೆ ನಿಂತಿತು. ಎಂಥ ನಿಲುವು! ಭಾವನವರು ಹೋಗಿ ಪೊದೆ ಒದ್ದರು, ಲಾವಕ್ಕಿ ಭರ್ರನೆ ಎದ್ದಿತು, ಅವರ ಕೈ ಮೇಲೆ ಹೋಯಿತು.

ಢಂ!

ಸದ್ದು ಅಡಗುವಷ್ಟರಲ್ಲಿ ಭಾವನವರು ಎರಡೂ ಕಿವಿ ಮುಚ್ಚಿಕೊಂಡು ಹುಲ್ಲಿನಲ್ಲಿ ಕುಕ್ಕರುಗಾಲಲ್ಲಿ ಕೂತುಬಿಟ್ಟಿದ್ದರು. ಅವತ್ತು ಅಲ್ಲಿಯವರೆಗೆ ಎಲ್ಲ ನಾಯಿಗಳೂ ಹಾರಿದ ಹಕ್ಕಿಯ ಬೆನ್ನು ಹತ್ತಿದ್ದವು, ಎಳೆಯ ನಾಯಿಗೆ ಅದು ತಪ್ಪಲ್ಲ. ಮಲ್ಲ ನಾಲ್ಕು ಹೆಜ್ಜೆ ಓಡಿದ್ದು ತಿರುಗಿ ನೋಡಿತು. ಹಕ್ಕಿಯನ್ನು ಬಿಟ್ಟು ಬಂದು ಅವರ ಮೊಣಕಾಲ ಸಂದಿಗೆ ತಲೆ ಹಾಕಿ ನಿಂತಿತು.

ತೀರ್ಪುಗಾರರು ಕುದುರೆಯನ್ನು ಹತ್ತಿರ ತಂದರು. ಒಳ್ಳೆಯ ನಾಯಿ, ಆದರೆ ಸದ್ದಿಗೆ ಹೆದರಿ ನಿಮ್ಮ ಹತ್ತಿರ ಓಡಿ ಬಂದಿದೆ, ಕ್ಷಮಿಸಿ ಎಂದು ಹೇಳಿ ಏನೋ ಬರೆದುಕೊಳ್ಳತೊಡಗಿದರು. ಸುತ್ತ ಅಷ್ಟು ಜನ. ಭಾವನವರು ಸುಮ್ಮನಿದ್ದರೆ ಮುಗಿದುಹೋಗುತ್ತಿತ್ತು. ಹೆದರಿದ್ದು ಮಲ್ಲ ಎಂದು ಎಲ್ಲರೂ ನಂಬುತ್ತಿದ್ದರು. ಅವರು ಎದ್ದು ನಿಂತರು. ಮೊಣಕಾಲಿಗೆ ಅಂಟಿದ ಹುಲ್ಲನ್ನೂ ಕೊಡವಿಕೊಳ್ಳಲಿಲ್ಲ.

"ನಾಯಿ ಹೆದರಿಲ್ಲ ಸರ್," ಎಂದು ಇಂಗ್ಲಿಷಿನಲ್ಲಿ, ಎಲ್ಲರಿಗೂ ಕೇಳುವಂತೆ ಹೇಳಿದರು. "ಹೆದರಿದ್ದು ನಾನು. ಚಿಕ್ಕಂದಿನಿಂದಲೂ ಹೆದರುತ್ತೇನೆ. ಅದು ನನ್ನನ್ನು ನೋಡಲು ಬಂತು."

ಯಾರೂ ನಗಲಿಲ್ಲ. ಇಷ್ಟು ವರ್ಷ ಸಂಸಾರ ಮಾಡಿದ ಹೆಂಡತಿಗೂ ಬಾಯಿಬಿಟ್ಟು ಹೇಳದ ಮಾತು ಅದು. ಅಕ್ಕ ನನ್ನ ಕೈಯನ್ನು ಗಟ್ಟಿಯಾಗಿ ಹಿಡಿದುಕೊಂಡರು. ತೀರ್ಪುಗಾರರು ಬರೆದದ್ದನ್ನು ಹೊಡೆದುಹಾಕಿ, ಇನ್ನೂ ಸಮಯವಿದೆ, ಇನ್ನೊಂದು ಹಕ್ಕಿ ಹುಡುಕಲಿ, ನೀವೂ ನಿಧಾನ ಮಾಡಿ ಎಂದರು.

ಎರಡನೆಯ ಸಲ ಮಲ್ಲ ನಿಂತಾಗ ಭಾವನವರು ಕೂಡಲೇ ಪೊದೆ ಒದೆಯಲಿಲ್ಲ. ನಾಯಿಯನ್ನೇ ನೋಡುತ್ತ ನಿಂತರು. ಅದರ ಮೈ ಮೂಗಿನಿಂದ ಬಾಲದವರೆಗೆ ನಡುಗುತ್ತಿತ್ತು, ಕಾಲು ಮಾತ್ರ ಕದಲಿರಲಿಲ್ಲ. ಆಮೇಲೆ ಒದ್ದರು. ಹಕ್ಕಿ ಎದ್ದಿತು. ಕೈ ಎತ್ತಿ ಹೊಡೆದರು. ಕಣ್ಣು ಮುಚ್ಚಿತ್ತು, ಮುಖ ಕಿವುಚಿತ್ತು, ಆದರೆ ಕೂರಲಿಲ್ಲ. ಮಲ್ಲ ಇಳಿಜಾರಿನಲ್ಲಿ ಬಿಟ್ಟ ಬಾಣದಂತೆ ಹಕ್ಕಿಯ ಹಿಂದೆ ಹೋಯಿತು.

ಪಾಸು ಎಂದು ಯಾರೋ ಕೂಗಿ ಹೇಳಿದರು. ಭಾವನವರಿಗೆ ಅದು ಕೇಳಿಸಿದಂತೆ ಕಾಣಲಿಲ್ಲ. ಅಕ್ಕನ ಹತ್ತಿರ ಬಂದು ನಿಂತಾಗ ಅವರ ಎರಡೂ ಕಣ್ಣು ತುಂಬಿ ಹರಿಯುತ್ತಿದ್ದವು.

"ಈ ಸಲ ಅಂವ ನನ್ನ ಕಡೆ ಹೊಳ್ಳಿ ಸೈತ ನೋಡ್ಲಿಲ್ಲ," ಎಂದರು. "ನೋಡಿದಿಲ್ಲೇನ? ಬಿಟ್ಟು ಹ್ವಾದ."