ಪರ್ಬುಗಳ ಕಾರಿಗೆ ಬಂದ ಜ್ವರ

ಮಗಳು ಜೆಸ್ಸಿಯನ್ನು ಮದುವೆಯ ದಿನ ತನ್ನ ಕಾರಿನಲ್ಲೇ, ತಾನೇ ಓಡಿಸಿ ಇಗರ್ಜಿಗೆ ಕರೆದೊಯ್ಯುವುದಾಗಿ ಸೆವರಿನ್ ಪರ್ಬುಗಳು ಕಾವೂರಿಗೆಲ್ಲ ಸಾರಿಯಾಗಿತ್ತು. ಮದುವೆಗೆ ಹದಿನೈದು ದಿನವಿರುವಾಗ ಆ ಹಳೇ ಕಾರಿಗೆ ಜ್ವರ ಹಿಡಿಯಿತು. ಬಿಸಿ ತೋರಿಸುವ ಮುಳ್ಳು ಕೆಂಪು ಗೆರೆಗೆ ಅಂಟಿಕೊಂಡದ್ದು ಕೆಳಗಿಳಿಯಲೇ ಇಲ್ಲ.

ಯಾವ ಗ್ಯಾರೇಜಿಗೂ ಶಿಷ್ಯರಾಗದೆ, ಬಿಚ್ಚಿ ಬಿಚ್ಚಿಯೇ ವಿದ್ಯೆ ಸಂಪಾದಿಸಿದವರು ಅವರು. (ಬಿಚ್ಚಿದ್ದರಲ್ಲಿ ಮುಕ್ಕಾಲು ಪಾಲು ಮತ್ತೆ ಸೇರಿದ್ದೂ ಉಂಟು.) ರೇಡಿಯೇಟರ್ ತೊಳೆದರು, ಬೆಲ್ಟು ಬದಲಿಸಿದರು, ನಂತೂರಿಗೆ ಹೋಗಿಬರುವಷ್ಟರಲ್ಲಿ ಮೂರು ಬಾವಿಗಳ ನೀರು ಕುಡಿಸಿದರು. ಮುಳ್ಳು ಜಗ್ಗಲಿಲ್ಲ.

"ಟ್ಯಾಕ್ಸಿ ಹೇಳುವ ಭಾವ," ಎಂದ ಹೆಂಡತಿಯ ತಮ್ಮ ಆಂಬ್ರೋಸ್, ಬಸ್ಸಿನ ಡ್ರೈವರ್. "ಮದುಮಗಳು ದಾರಿಯಲ್ಲಿ ಬಾವಿ ಹುಡುಕುವುದು ಬೇಡ ಮಾರಾಯ್ರೆ."

"ನೀನು ನಿನ್ನ ಬಸ್ಸು ನೋಡ್ಕೋ!"

ಮದುವೆಯ ಬೆಳಿಗ್ಗೆಯೂ ಕಾರಿನೊಳಗೆ ಮುಳ್ಳು ನೋಡುತ್ತ ಕೂತಿದ್ದ ಪರ್ಬುಗಳಿಗೆ ಕಾಫಿ ತಂದ ಹೆಂಡತಿ ಮಟಿಲ್ಡಾ, ಇಪ್ಪತ್ತು ವರ್ಷ ನರ್ಸಾಗಿದ್ದವರು, ಬಾನೆಟ್ಟಿನ ಮೇಲೆ ಕೈಯಿಟ್ಟರು. "ತಣ್ಣಗುಂಟಲ್ಲ! ಇಂಜಿನು ಶುರು ಮಾಡಿದ್ರಾ?"

"ಇಲ್ಲ, ಕೀ ಮಾತ್ರ ತಿರುಗಿಸಿದ್ದು."

"ಮತ್ತೆ ಮುಳ್ಳು ಎಂತಕ್ಕೆ ಮೇಲೆ? ರೋಗಿ ಗಂಜಿ ಕೇಳ್ತಾ ಕೂತಿದ್ದಾನೆ, ಥರ್ಮಾಮೀಟರ್ ನೂರೈದು ತೋರಿಸ್ತದೆ. ಯಾರಿಗೆ ಮದ್ದು ಕೊಡ್ಬೇಕು? ಎತ್ತಿಗೆ ಜ್ವರ ಬಂದ್ರೆ ಎಮ್ಮೆಗೆ ಬರೆ ನಿಮ್ಮದು!"

ಪರ್ಬುಗಳು ಇಳಿದು ಬಂದು ತಾವೂ ಬಾನೆಟ್ಟು ಮುಟ್ಟಿದರು. ಹದಿನೈದು ದಿನ ಮುಳ್ಳನ್ನು ದಿಟ್ಟಿಸಿದವರು ಒಮ್ಮೆಯೂ ಕೈಯಿಟ್ಟು ನೋಡಿರಲಿಲ್ಲ. ಕೈಗಿಂತ ಗಾಜಿನೊಳಗಿನ ಮುಳ್ಳನ್ನು ನಂಬುವುದು ಕಲಿತವನ ರೋಗ. ತನ್ನಷ್ಟಕ್ಕೆ ಕಲಿತವನಿಗೆ ಅದು ಇನ್ನೂ ಬೇಗ ಅಂಟುತ್ತದೆ.

ಇಂಜಿನಿನಲ್ಲಿ ಬಿಸಿ ಅಳೆಯುವ ಹಿತ್ತಾಳೆ ತುಂಡಿನಿಂದ ವಯರು ಕಳಚಿದರು. ತುಂಡಿನದೇ ತಪ್ಪಾಗಿದ್ದರೆ ಮುಳ್ಳು ಬೀಳಬೇಕಿತ್ತು, ಬೀಳಲಿಲ್ಲ. ಅಂದರೆ ತುಂಡು ನಿರ್ದೋಷಿ, ವಯರೇ ದಾರಿಯಲ್ಲೆಲ್ಲೋ ಕಾರಿನ ಕಬ್ಬಿಣ ಮುಟ್ಟಿ ಮುಳ್ಳನ್ನು ಮೇಲೆತ್ತುತ್ತಿದೆ. ವಯರಿನ ಜಾಡು ಹಿಡಿದು ಡ್ಯಾಶ್‌ಬೋರ್ಡಿನ ಹಿಂದೆ ಹೋದ ಬೆರಳು ಒಂದು ಸ್ಕ್ರೂವಿನ ಮೊನೆಗೆ ಚುಚ್ಚಿಸಿಕೊಂಡು ನಿಂತಿತು. ಮದುವೆಯ ಪ್ರಯಾಣ ಕಾಯಲೆಂದು, ಹದಿನೈದು ದಿನದ ಹಿಂದೆ ಅವರೇ ಕೂರಿಸಿದ ಸಂತ ಕ್ರಿಸ್ತೋಫರರ ಚಿತ್ರದ ತಗಡು! ಗಿಡ್ಡ ಸ್ಕ್ರೂ ಸಂತರಿಗೆ ಮರ್ಯಾದೆಯಲ್ಲವೆಂದು ಎರಡಿಂಚಿನದು ಹೊಡೆದಿದ್ದರು. ಅದು ವಯರಿನ ಹೊಟ್ಟೆ ಸೀಳಿತ್ತು.

ತಗಡು ಕಿತ್ತು, ವಯರಿಗೆ ಟೇಪು ಸುತ್ತಿ ಸಿಕ್ಕಿಸಿದರು. ಮುಳ್ಳು ಮೆಲ್ಲನೆ ಇಳಿದು ಮಲಗಿತು. ಪರ್ಬುಗಳು ಸೂಟು ತೊಟ್ಟು ಸ್ಟೀರಿಂಗಿನ ಮುಂದೆ ಸಿಂಹಾಸನಾರೂಢರಾದರು.

ಬಿಳಿ ಸೀರೆಯುಟ್ಟ ಜೆಸ್ಸಿ ಬಾಗಿಲಲ್ಲೇ ನಿಂತಳು. "ಸಂತರೆಲ್ಲಿ ಪಪ್ಪಾ? ಅವರನ್ನು ಕಿತ್ತುಹಾಕಿದ ಕಾರಿಗೆ ನಾನು ಹತ್ತುವುದಿಲ್ಲ."

"ಐದೇ ನಿಮಿಷ ಮಗಾ, ಗಿಡ್ಡ ಸ್ಕ್ರೂ..."

"ಇನ್ನೊಂದು ಸ್ಕ್ರೂ ಮುಟ್ಟಿದ್ರೆ ಜಾಗ್ರತೆ!" ಮಟಿಲ್ಡಾ ಗುಡುಗಿದರು. "ಕಿತ್ತವರೇ ಕೈಯಲ್ಲಿ ಹಿಡ್ಕೊಳ್ಳಲಿ. ಆಂಬ್ರೋಸ್, ನೀನು ಬಂದು ಓಡಿಸು."

ಇಗರ್ಜಿಯ ಅಂಗಳಕ್ಕೆ ಕಾರು ತಣ್ಣಗೆ ಬಂದು ನಿಂತಿತು. ಆಂಬ್ರೋಸ್ ಇಳಿದ, ಜೆಸ್ಸಿ ಇಳಿದಳು. "ಇಷ್ಟು ಭಕ್ತಿಯ ಅಪ್ಪ ಯಾರಿಗುಂಟು!" ಎಂದು ಜನ ಬೆರಗಾದರು. ಎರಡೂ ಕೈಯಲ್ಲಿ ಸಂತರನ್ನು ಎದೆಗೊತ್ತಿಕೊಂಡ ಪರ್ಬುಗಳು, ಯಾರಾದರೂ ಬಂದು ಬಾಗಿಲು ತೆರೆಯಲೆಂದು ಒಳಗೇ ಕೂತಿದ್ದರು.