ಮೆಂತ್ಯದ ದುಡ್ಡು

ಹಿಂದಿ ಬಾರದ ಕನ್ನಡಿಗ ದೆಹಲಿಯಲ್ಲಿ ಹೇಗೋ ಬದುಕಿಕೊಳ್ಳುತ್ತಾನೆ. ಕೈಸನ್ನೆ ಮಾಡುತ್ತಾನೆ, ಪಕ್ಕದವರನ್ನು ಕೇಳುತ್ತಾನೆ, ಗೊತ್ತಿಲ್ಲವೆಂದು ಒಪ್ಪಿಕೊಳ್ಳುತ್ತಾನೆ. ಅಪಾಯವೆಲ್ಲ ನನ್ನಂಥವರಿಗೆ. ಕೇಂದ್ರ ಸರ್ಕಾರದ ಕಚೇರಿಯಲ್ಲಿ ಹಿಂದಿ ಪರೀಕ್ಷೆ ಪಾಸು ಮಾಡಿ, ಅದಕ್ಕೊಂದು ಇನ್‌ಕ್ರಿಮೆಂಟನ್ನೂ ಗಿಟ್ಟಿಸಿಕೊಂಡು, ಈ ಭಾಷೆಯಲ್ಲಿ ಇನ್ನು ಕಲಿಯುವುದೇನೂ ಉಳಿದಿಲ್ಲ ಎಂದು ಬೀಗುವವರಿಗೆ. ಮೇಥಿ ಎಂದರೆ ಮೆಂತ್ಯದ ಸೊಪ್ಪು ಎಂದು ನನಗೆ ಚೆನ್ನಾಗಿ ಗೊತ್ತಿತ್ತು. ನಾವಿರುವ ಜನಕಪುರಿಯಲ್ಲಿ ಚಳಿ ಶುರುವಾದರೆ ಯಾರ ಮನೆಗೆ ಹೋದರೂ ಮೇಥಿ ಪರಾಠಾವೇ. ಸೊಪ್ಪಿಗೆ ಮೇಥಿಯಾದರೆ ಕಾಳಿಗೆ ಬೇರೆ ಹೆಸರಿರಬೇಕಲ್ಲ? ಆದ್ದರಿಂದ, ನಮ್ಮ ಬ್ಲಾಕಿನ ಮಾರ್ಕೆಟ್ಟಿನ ಮೊದಲ ಮಹಡಿಯಲ್ಲಿ ಸರಕಿನ ಬೆಲೆ ಏರುತ್ತದೆಂದು ಜನರ ದುಡ್ಡು ಹೂಡಿಸುವ ಟ್ರೇಡಿಂಗ್ ಕಂಪನಿ ಇಟ್ಟಿದ್ದ ಗುಪ್ತಾಜಿ, "ರಾವ್ ಸಾಬ್, ಮೆಂಥಾ ಮೇ ಪೈಸಾ ಲಗಾಯಿಯೇ, ಮೆಂಥಾ ಊಪರ್ ಜಾಯೇಗಾ" ಎಂದಾಗ, ಓಹೋ, ಮೆಂತ್ಯದ ಕಾಳಿಗೆ ಇವರು ಮೆಂಥಾ ಅನ್ನುತ್ತಾರೆ ಎಂದು ನಾನೇ ತೀರ್ಮಾನಿಸಿಬಿಟ್ಟೆ. ಕೇಳಿ ತಿಳಿದುಕೊಳ್ಳಲು ಹಿಂದಿ ಪರೀಕ್ಷೆಯ ಪ್ರಮಾಣಪತ್ರ ಅಡ್ಡ ಬಂತು.

ಮನೆಗೆ ಬಂದು ಹೆಂಡತಿ ಸುಮಿತ್ರಳ ಮುಂದೆ ವಿಷಯ ಇಟ್ಟೆ. ಅವಳಂತೂ ನನಗಿಂತ ಮೊದಲೇ ತಯಾರು. "ಹಾಕ್ರೀ ಧೈರ್ಯವಾಗಿ. ಯಾರ ಮನೇಲಿ ನೋಡಿದ್ರೂ ಶುಗರ್ರು. ಬೆಳಿಗ್ಗೆ ಎದ್ದು ಎಲ್ಲಾರೂ ಮೆಂತ್ಯದ ನೀರೇ ಕುಡೀತಿದಾರೆ. ಬೆಲೆ ಏರದೆ ಇನ್ನೇನಾಗತ್ತೆ?" ಎಂದಳು. ಅರ್ಥಶಾಸ್ತ್ರವನ್ನು ಇಷ್ಟು ಸರಳವಾಗಿ ನನಗೆ ಕಾಲೇಜಿನಲ್ಲಿಯೂ ಯಾರೂ ಹೇಳಿರಲಿಲ್ಲ. ಹಾಕಿದ ಹಣ ವಾಷಿಂಗ್ ಮೆಷಿನ್ನಿಗೆಂದು ಕೂಡಿಟ್ಟದ್ದು. ತಾನೇ ಒಗೆದು ತಾನೇ ಹಿಂಡುವ ಒಳ್ಳೆಯ ಮೆಷಿನ್ನಿಗೆ ಇನ್ನೂ ಸ್ವಲ್ಪ ಸಾಲದಾಗಿತ್ತು. ಅದು ಮೆಂತ್ಯದಲ್ಲಿ ಬೆಳೆದು ಬರಲಿ ಎಂಬ ಆಸೆ.

ಹಣ ಹಾಕಿ ಬಂದ ಹೊಸದರಲ್ಲೇ ಸುಮಿತ್ರ ಮೆಟ್ಟಿಲ ಮೇಲೆ ಜಾರಿ ಬಲಗೈ ಮಣಿಕಟ್ಟು ಮುರಿದುಕೊಂಡಳು. ಪಾತ್ರೆ ತೊಳೆಯಲು ಬರುವ ಕಮಲಾದೇವಿ, "ಠಂಡ್ ಮೇ ಕಪಡಾ ನಹೀ ಧೋಊಂಗಿ", ಚಳಿಯಲ್ಲಿ ಬಟ್ಟೆ ಒಗೆಯುವ ಮಾತೇ ಇಲ್ಲ ಎಂದು ಖಂಡತುಂಡವಾಗಿ ಹೇಳಿದಳು. ಉಳಿದವನು ನಾನೊಬ್ಬನೇ. ದೆಹಲಿಯ ಚಳಿಗಾಲದಲ್ಲಿ ತಾರಸಿಯ ಟ್ಯಾಂಕಿನಿಂದ ಬರುವ ನೀರಿಗೆ ಕೈ ಹಾಕಿದರೆ ಬೆರಳುಗಳು ಇವೆಯೋ ಇಲ್ಲವೋ ಎಂದು ಆಮೇಲೆ ಎಣಿಸಿ ನೋಡಬೇಕು. ಅದರಲ್ಲೂ ಇಬ್ಬರು ಹೊದೆಯುವ ಹತ್ತಿಯ ರಜಾಯಿಯ ಕವರು! ಅದನ್ನು ಒಬ್ಬನೇ ಹಿಂಡುವುದೆಂದರೆ ಕುಸ್ತಿಯೇ. ಈ ತುದಿಯನ್ನು ಹಿಂಡುವಾಗ ಆ ತುದಿ ನನ್ನ ಪೈಜಾಮದೊಳಗೆ ನೀರು ಬಿಡುತ್ತಿತ್ತು. ಪ್ರತಿ ಭಾನುವಾರ ಬಚ್ಚಲಲ್ಲಿ ಕುಕ್ಕರಗಾಲಲ್ಲಿ ಕೂತು ನಾನು ಜಪಿಸುತ್ತಿದ್ದದ್ದು ಒಂದೇ, ಮೆಂಥಾ, ಮೆಂಥಾ.

ನಂಬಿ, ಬಿಡಿ, ಅದು ಏರಿಯೂ ಏರಿತು. "ಮುಬಾರಕ್ ಹೋ!" ಎಂದು ಗುಪ್ತಾಜಿ ನನ್ನ ಕೈ ಕುಲುಕಿದರು. ಹಾಗಾದರೆ ಹಣ ಕೊಡಿ ಎಂದೆ. ಅವರ ಮುಖದಲ್ಲಿ ನೋವು ಕಾಣಿಸಿಕೊಂಡಿತು. "ಅದು ನಿಮ್ಮದೇ ದುಡ್ಡಲ್ಲವೇ ರಾವ್ ಸಾಬ್? ನಿಮ್ಮ ಹತ್ತಿರ ಇದ್ದರೇನು, ನಮ್ಮ ಹತ್ತಿರ ಇದ್ದರೇನು?" ಎಂದು ಹಿಂದಿಯಲ್ಲಿ ಅಂಗಲಾಚಿ, ಚಹಾ, ಸಮೋಸ ತರಿಸಿದರು. ಮುಂದಿನ ಶನಿವಾರ ಹೋದೆ. ಮತ್ತೆ ಚಹಾ, ಸಮೋಸ. ಹೀಗೆ ಹೋಗಿ ಹೋಗಿ ಸಮೋಸದವನಿಗೂ ನನ್ನ ಪರಿಚಯವಾಗಿ, ನನಗೆಂದು ಹಸಿಮೆಣಸಿನಕಾಯಿ ಬೇರೆ ಇಡತೊಡಗಿದ. ಒಂದು ಶನಿವಾರ ನನಗೆ ಭಾರಿ ತಲೆನೋವು. ಗುಪ್ತಾಜಿ ಮೇಜಿನ ಮೇಲಿದ್ದ ಸಣ್ಣ ಬಾಟಲಿ ತೆಗೆದು, "ಲೀಜಿಯೇ, ಆಪ್ ಹೀ ಕಾ ಮಾಲ್ ಹೈ, ಸೂಂಘಿಯೇ" ಎಂದು, ಅದು ನನ್ನದೇ ಮಾಲೆಂದು ಹೇಳಿ ಕೊಟ್ಟರು. ಮೂಸಿದೆ. ಮೂಗಿನಿಂದ ನೆತ್ತಿಯವರೆಗೆ ಗಾಳಿಯಾಡಿತು. ಅದು ಪುದೀನದ ಜಾತಿಯ ಗಿಡದಿಂದ ತೆಗೆದ ಎಣ್ಣೆಯಂತೆ. ನೆಗಡಿಯ ಮುಲಾಮಿಗೆ ಹಾಕುತ್ತಾರಂತೆ. ಅದೇ ಮೆಂಥಾ! ತಲೆನೋವು ಹೋಯಿತು, ಮಾನವೂ ಹೋಯಿತು. ಮನೆಯಲ್ಲಿ ಮಾತ್ರ ಈ ವಿಷಯದಲ್ಲಿ ನಾನು ಬಾಯಿ ಬಿಡಲಿಲ್ಲ.

ಇನ್ನು ದಬಾಯಿಸದೆ ಆಗದು ಎಂದು, ಬಟ್ಟೆ ಒಗೆಯುವಾಗಲೇ ಹಿಂದಿಯಲ್ಲಿ ಬೈಯುವ ಅಭ್ಯಾಸ ಶುರುಮಾಡಿದೆ. ತೊಂದರೆಯೇನೆಂದರೆ ನನಗೆ ಬರುವುದು ಸರ್ಕಾರಿ ಹಿಂದಿ. ಎಷ್ಟೇ ಸಿಟ್ಟಿನಿಂದ ಶುರುಮಾಡಿದರೂ ವಾಕ್ಯ "ಕೃಪಯಾ"ದಿಂದಲೇ ಹೊರಡುತ್ತಿತ್ತು. ಹತ್ತನೇ ಕ್ಲಾಸಿನ ಮಗಳು ಬಾಗಿಲಲ್ಲಿ ನಿಂತು ಕೇಳಿ, "ಅಪ್ಪಾ, ಐಸೇ ಕೌನ್ ಡರೇಗಾ, ಯಾರು ಹೆದರ್ತಾರೆ? ನೀವು ನ್ಯೂಸ್ ಓದೋ ಥರಾ ಬೈತಿದೀರಾ" ಎಂದು ನಕ್ಕಳು. ಕನ್ನಡದಲ್ಲಿ ಬೈದರೆ ಗುಪ್ತಾಜಿಗೆ ಅರ್ಥವಾಗದು, ಹಿಂದಿಯಲ್ಲಿ ಬೈದರೆ ಅವರು ಸಂತೋಷಪಡುತ್ತಾರೆ. ನನಗೆ ನಿಜವಾಗಿ ಅಳುವೇ ಬಂತು.

ಕೊನೆಗೆ ಸುಮಿತ್ರ ತಾನೇ ಹೊರಟಳು. ಹಣಕ್ಕಾಗಿ ಅಲ್ಲ, ಶನಿವಾರ ಶನಿವಾರ ನಾನು ಮಧ್ಯಾಹ್ನದ ಊಟಕ್ಕೆ ಹಸಿವಿಲ್ಲ ಅನ್ನುವುದೇಕೆಂದು ಅವಳಿಗೆ ಅನುಮಾನ. ಒಂದು ಚೀಲದಲ್ಲಿ ಮೊಸರನ್ನ, ಬಾಳಕದ ಮೆಣಸಿನಕಾಯಿ ಹಾಕಿಕೊಂಡು, ಪ್ಲಾಸ್ಟರಿನ ಕೈಯನ್ನು ಕುತ್ತಿಗೆಗೆ ತೂಗುಹಾಕಿಕೊಂಡು ಬಂದು ಗಿರಾಕಿಗಳ ಸೋಫಾದ ಮೇಲೆ ಕೂತಳು. ನಾನು ಪಕ್ಕದಲ್ಲಿ ಮುದುರಿಕೊಂಡೆ. ಎಂದಿನಂತೆ ನನಗೆ ಚಹಾ, ಸಮೋಸ ಬಂತು, ಅವಳ ಅನುಮಾನ ಪರಿಹಾರವಾಯಿತು. ಹೊಸದಾಗಿ ಖಾತೆ ತೆರೆಯಲು ಬಂದಿದ್ದ ಒಬ್ಬ ಸರ್ದಾರ್ಜಿ, ಕೈಯಲ್ಲಿ ನೋಟಿನ ಲಕೋಟೆ, "ಬಹನ್‌ಜೀ, ಕಂಪನಿ ಕೈಸೀ ಹೈ?" ಎಂದು ಕೇಳಿದರು. ಸುಮಿತ್ರ ಯಾರನ್ನೂ ದೂರುವ ಹೆಂಗಸಲ್ಲ. ಮನಃಪೂರ್ವಕವಾಗಿ ಹೊಗಳಿದಳು. "ಬಹುತ್ ಅಚ್ಛಾ ಕಂಪನಿ ಹೈ ಭಾಯಿಸಾಬ್! ಪೈಸಾ ಲೇತಾ ಹೈ, ಚಾಯ್ ದೇತಾ ಹೈ. ಹಮಾರಾ ಮೆಂತ್ಯ ಕಾ ಪೈಸಾ ಲಿಯಾ. ಮೇರೇ ಹಸ್ಬೆಂಡ್ ಕೋ ಹರ್ ಶನಿವಾರ್ ಚಾಯ್ ದೇತಾ ಹೈ. ಸಮೋಸಾ ಭೀ."

ದುಡ್ಡು ತೆಗೆದುಕೊಂಡು ಚಹಾ ಕೊಡುವ ಕಂಪನಿಯ ಈ ಹೊಗಳಿಕೆ ಕೇಳಿ ಸರ್ದಾರ್ಜಿ ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. ಲಕೋಟೆ ಜೇಬಿಗೆ ಹೋಯಿತು, ಅವರು ಮೆಟ್ಟಿಲಿಗೆ ಹೋದರು. ಆಮೇಲೆ ಬಂದ ಗಂಡಹೆಂಡಿರಿಗೂ ಇದೇ ಹೊಗಳಿಕೆ, ಜೊತೆಗೆ ಮಜ್ಜಿಗೆಯಲ್ಲಿ ನೆನೆಸಿ ಒಣಗಿಸಿ ಕರಿದ ಮೆಣಸಿನಕಾಯಿಯ ರುಚಿ ನೋಡಲು ಆಗ್ರಹ. ಅವರೂ ನೀರು ಕುಡಿದು ಹೊರಟರು. ಮೂರನೆಯವರು ಬಾಗಿಲಲ್ಲಿ ಕಾಣಿಸುವಷ್ಟರಲ್ಲಿ ಗುಪ್ತಾಜಿ ಗಾಜಿನ ಕೋಣೆಯಿಂದ ಓಡಿಬಂದರು. "ಭಾಭೀಜಿ, ಆಪ್ ನೇ ತಕ್ಲೀಫ್ ಕ್ಯೋಂ ಕೀ? ಫೋನ್ ಕರ್ ದೇತೀಂ!" ಎಂದು, ಒಂದು ಫೋನು ಮಾಡಿದ್ದರೆ ಸಾಕಿತ್ತೆಂದು ಉಪಚರಿಸುತ್ತಲೇ ಡ್ರಾಯರು ತೆಗೆದು, ಅಸಲು, ಲಾಭ ಎಲ್ಲವನ್ನೂ ಅವಳ ಎಡಗೈಗೆ ಇಟ್ಟರು. ಅವಳು ಅದನ್ನು ಮೊಸರನ್ನದ ಡಬ್ಬಿಯ ಪಕ್ಕಕ್ಕೆ ಸೇರಿಸಿದಳು.

ಆಟೋದಲ್ಲಿ ಬರುತ್ತಾ ನನಗೆ ಹಿಡಿಸಲಾರದಷ್ಟು ಹಿಗ್ಗು. ಮೆಷಿನ್ನಿಗೆ ಬಚ್ಚಲ ಯಾವ ಮೂಲೆ, ಪ್ಲಗ್ಗು ಎಲ್ಲಿ, ನಾಳೆ ಎಷ್ಟು ಹೊತ್ತಿಗೆ ಅಂಗಡಿ ತೆರೆಯುತ್ತದೆ ಎಂದೆಲ್ಲ ಹೇಳುತ್ತಲೇ ಇದ್ದೆ. ಸುಮಿತ್ರ ಸಮಾಧಾನವಾಗಿ ಕೇಳಿ, "ಮೆಷಿನ್ ಯಾಕ್ರೀ ಈಗ? ನಿಮ್ಮ ಕೈ ಎಷ್ಟು ಚೆನ್ನಾಗಿ ಪಳಗಿದೆ! ರಜಾಯಿ ಕವರು ಇಷ್ಟು ಬೆಳ್ಳಗೆ ಯಾರ ಹತ್ರ ಒಗೆಸ್ತೀರಿ ಅಂತ ಎದುರು ಮನೆ ಶರ್ಮಾ ಆಂಟಿ ಕೇಳ್ತಿದ್ರು. ದುಡ್ಡು ನನ್ನ ಹತ್ರ ಇರ್ಲಿ ಬಿಡಿ" ಎಂದಳು.

ಪ್ಲಾಸ್ಟರು ಬಿಚ್ಚಿದ್ದಾಯಿತು, ಹೋಳಿಯೂ ಕಳೆಯಿತು. ಆ ಹಬ್ಬದ ಬಣ್ಣದ ಬಟ್ಟೆಗಳನ್ನು ಒಗೆದವನೂ ನಾನೇ. ಗುಪ್ತಾಜಿಯ ಹತ್ತಿರ ಹಣ ಸಿಕ್ಕಿಕೊಂಡಾಗ ಹೆಂಡತಿ ಹೋಗಿ ಬಿಡಿಸಿಕೊಂಡು ಬಂದಳು. ಈಗ ಹೆಂಡತಿಯ ಹತ್ತಿರ ಸಿಕ್ಕಿಕೊಂಡಿದೆ, ಯಾರನ್ನು ಕಳಿಸಲಿ? ಬೇರೆ ದಾರಿ ಕಾಣದೆ, ಮೊನ್ನೆ ಮಾರ್ಕೆಟ್ಟಿನಲ್ಲಿ ಸಿಕ್ಕ ಗುಪ್ತಾಜಿಯನ್ನೇ ಕೇಳಿದೆ. ಈ ವ್ಯವಹಾರದಲ್ಲಿ ಅವರಿಗಿರುವ ಅನುಭವ ನನಗೆಲ್ಲಿ ಬರಬೇಕು? ಅವರು ಸುತ್ತಮುತ್ತ ನೋಡಿ, ನನ್ನ ಹೆಗಲ ಮೇಲೆ ಕೈಯಿಟ್ಟು, "ಭಾಭೀಜಿ ಕೇ ಪಾಸ್ ಹೈ? ಭೂಲ್ ಜಾಯಿಯೇ, ರಾವ್ ಸಾಬ್", ಇನ್ನು ಅದನ್ನು ಮರೆತೇಬಿಡಿ ಎಂದು ಮೆಲ್ಲಗೆ ಹೇಳಿ, ಕೈ ಒಡೆಯದಂಥ ಒಂದು ಸಾಬೂನಿನ ಹೆಸರು ತಿಳಿಸಿ ಹೋದರು.