ಆಟದ ಬಂದೂಕು ಕಲಿಸಿದ್ದು

ಮೂವತ್ತು ವರ್ಷ ಶಾಲೆಯಲ್ಲಿ ಶಿಸ್ತು ಕಲಿಸಿದವಳು ನಾನು. ಆದರೂ ಇಂಥವು ನಡೆಯುವುದು ನನ್ನ ಮನೆಯಲ್ಲೇ.

೧. ಷರತ್ತು

ಶಿಡ್ಲಘಟ್ಟದ ನಮ್ಮ ಮನೆಗೆ ಮೊಮ್ಮಗಳು ಏರ್‌ಸಾಫ್ಟ್ ಬಂದೂಕೊಂದನ್ನು ತಂದಳು. ನೋಡಲು ರೈಫಲ್ಲೇ, ಹಾರುವುದು ಮಾತ್ರ ಮೆಣಸಿನ ಕಾಳಿನಷ್ಟು ಪ್ಲಾಸ್ಟಿಕ್ ಗುಂಡು. ಕಾಲೇಜಿನ ಎನ್‌ಸಿಸಿ ಶೂಟಿಂಗ್ ತಂಡಕ್ಕೆ ಚಿಕ್ಕಬಳ್ಳಾಪುರದಲ್ಲಿ ಆಯ್ಕೆಯಿದೆ, ಅದಕ್ಕೆ ಅಭ್ಯಾಸ ಎಂದಳು. ಆಟಿಕೆಯಿಂದ ನಿಜವಾದ ಗುರಿ ಬರುವುದೇ ಎಂಬ ಕುತೂಹಲ ನನಗೂ ಹುಟ್ಟಿತು. ಷರತ್ತು ಹಾಕಿ ಒಪ್ಪಿದೆ: ಕಣ್ಣಿಗೆ ರಕ್ಷಣೆಯ ಕನ್ನಡಕ, ಹೊಡೆದ ಗುಂಡನ್ನು ಆರಿಸಿ ತಂದ ಮೇಲೆಯೇ ಮುಂದಿನದು. ಆಯ್ಕೆಯಾಗದಿದ್ದರೆ ಬಂದೂಕು ಬೀರುವಿಗೆ.

ಪಕ್ಕದ ಮನೆಯ ರೇಷ್ಮೆ ಬೆಳೆಗಾರರು, ಹುಳು ಗೂಡು ಕಟ್ಟುವ ಹಳೆಯ ಚಂದ್ರಿಕೆಯನ್ನು ಕೊಟ್ಟರು. ಬಿದಿರಿನ ಸುತ್ತಿನೊಳಗೆ ಸುತ್ತು ಇರುವುದರಿಂದ ಅದೇ ಗುರಿಫಲಕವಾಯಿತು. ಅವರಿಗೆ ಮಾತ್ರ ನಂಬಿಕೆಯಿರಲಿಲ್ಲ.

“ನೀರಿಲ್ಲದ ಬಾವೀಲಿ ಈಜು ಕಲ್ತಂಗೆ ಕಣಮ್ಮ ಇದು.”

ಮರುದಿನ ಬೇಲಿಯಾಚೆ ಅವರು ಹೆಲ್ಮೆಟ್ ಹಾಕಿಕೊಂಡು ಹಿಪ್ಪುನೇರಳೆ ಸೊಪ್ಪು ಕತ್ತರಿಸುತ್ತಿದ್ದರು.

೨. ಪರೀಕ್ಷೆ

ಕಾಲೇಜಿನಲ್ಲಿ ನಾನೂ ಒಮ್ಮೆ ನಿಜವಾದ ರೈಫಲ್ ಹಾರಿಸಿದ್ದೆ. ಆ ಶಬ್ದಕ್ಕೆ ಕಣ್ಣು ಮುಚ್ಚಿದ್ದು ನೆನಪಿದೆ. ಹೋಲಿಸಿ ನೋಡೋಣವೆಂದು ಆಟದ್ದನ್ನು ಎತ್ತಿಕೊಂಡೆ. ಉಸಿರು ಹಿಡಿಯುವುದು, ಟ್ರಿಗರನ್ನು ಮೆಲ್ಲಗೆ ಒತ್ತುವುದು ಎಲ್ಲ ಒಂದೇ; ಭುಜಕ್ಕೆ ಒದೆತವಿಲ್ಲ, ಶಬ್ದವಿಲ್ಲ. ಚಂದ್ರಿಕೆಗೂ ಏನೂ ತಾಗಲಿಲ್ಲ.

“ಗಾಳಿ ಜಾಸ್ತಿ ಇತ್ತು ಅಜ್ಜಿ,” ಎಂದಳು ಮೊಮ್ಮಗಳು. ಒಂದು ಎಲೆಯೂ ಅಲುಗುತ್ತಿರಲಿಲ್ಲ.

ಇನ್ನೊಂದು ಗುಂಡು ಕೇಳಿದೆ. ಮೊದಲಿನದನ್ನು ಆರಿಸಿ ತರಬೇಕೆಂದು ವಿನಯದಿಂದ ನೆನಪಿಸಿದಳು. ಅರ್ಧ ಗಂಟೆ ಮೊಣಕಾಲೂರಿ ಹುಡುಕಿದೆ. ನಿಯಮ ನನ್ನದೇ.

೩. ಆಯ್ಕೆ

ಆಯ್ಕೆಯ ದಿನ ಚಿಕ್ಕಬಳ್ಳಾಪುರದ ಮೈದಾನದ ಬೇಲಿಯಾಚೆ ಕುರ್ಚಿ ಹಾಕಿಸಿಕೊಂಡು ಕುಳಿತೆ. ಒಬ್ಬೊಬ್ಬರಿಗೆ ಐದು ಗುಂಡು. ಶಬ್ದಕ್ಕೆ ಹೆದರಿಯಾಳೆಂಬುದೊಂದೇ ನನ್ನ ಆತಂಕ. ಇವಳ ಸರದಿ ಬಂತು; ಮಲಗಿ ಗುರಿಯಿಟ್ಟು ಮೊದಲ ಗುಂಡು ಹಾರಿಸಿದಳು. ರೆಪ್ಪೆಯೂ ಅಲುಗಲಿಲ್ಲ. ಬಳಿಕ ರೈಫಲ್ಲನ್ನು ಜೋಪಾನವಾಗಿ ಕೆಳಗಿಟ್ಟು, ಎದ್ದು, ಗುರಿಫಲಕದ ಕಡೆಗೆ ನಡೆದೇಬಿಟ್ಟಳು.

ತರಬೇತುದಾರರು ಓಡಿಬಂದು ತೋಳು ಹಿಡಿದರು. “ಎಲ್ಲಿಗಮ್ಮ?”

“ಗುಂಡು ಆರಿಸ್ಕೊಂಡು ಬರ್ತೀನಿ ಸರ್.”

ಅವರು ಅವಳನ್ನು ಮತ್ತೆ ಮಲಗಿಸಿ, ಉಳಿದ ನಾಲ್ಕು ಮುಗಿಯುವವರೆಗೂ ಪಕ್ಕದಲ್ಲೇ ನಿಂತರು. ಗುರಿಯ ಕಾಗದ ಬಂತು. ಐದು ತೂತುಗಳನ್ನೂ ಒಂದು ರೇಷ್ಮೆಗೂಡಿನಿಂದ ಮುಚ್ಚಬಹುದಿತ್ತು. ತಂಡದ ಪಟ್ಟಿಯಲ್ಲಿ ಅವಳ ಹೆಸರು ಬರೆದುಕೊಂಡು, ಅಭ್ಯಾಸ ಮಾಡಿದ್ದು ಹೇಗೆಂದು ಅವಳಿಂದಲೇ ತಿಳಿದು, ತರಬೇತುದಾರರು ಕೇಳಿದರು:

“ಕೈಗೆ ಆಟದ ಬಂದೂಕು ಚೆನ್ನಾಗೇ ಕಲಿಸಿದೆ. ಕಾಲಿಗೆ ಕಲಿಸಿದವರು ಯಾರಮ್ಮ?”

ಮೊಮ್ಮಗಳು ಬೇಲಿಯತ್ತ ತಿರುಗಿ ನನಗೆ ನೇರವಾಗಿ ಬೆರಳು ತೋರಿಸಿದಳು. ಆ ಗುರಿಯೂ ತಪ್ಪಲಿಲ್ಲ.